ಮಾಗಧಿ ಎಂಬ ಹೆಸರು: ಬೆಳಗೊಳದ ಪರಿಸರದಿಂದ ಒಂದು ಪರಿಶೀಲನೆ

ಶ್ರವಣಬೆಳಗೊಳದ ಜೈನರ ಶಾಸ್ತ್ರಭಾಷೆ ಯಾವುದೆಂಬ ಪ್ರಶ್ನೆಗೆ ಕನ್ನಡದಲ್ಲಿ ಸಾಮಾನ್ಯವಾಗಿ ದೊರೆಯುವ ಉತ್ತರ ಮಾಗಧಿ, ಇಲ್ಲವೆ ಅರ್ಧಮಾಗಧಿ ಎಂಬುದು. ಮಹಾವೀರನು ಉಪದೇಶಿಸಿದ್ದು ಮಗಧದಲ್ಲಿ. ಚಂದ್ರಗುಪ್ತನು ಮಗಧದ ಅರಸು. ಭದ್ರಬಾಹುವಿನೊಡನೆ ಅವನು ಕಟವಪ್ರಕ್ಕೆ ಬಂದನು. ಆದುದರಿಂದ ಅವರ ಸಂಗಡ ಬಂದ ಭಾಷೆಯೂ ಮಾಗಧಿಯೇ. ಈ ತರ್ಕಸರಣಿ ಕೇಳಲು ಸರಳವಾಗಿದೆ. ಆದರೆ ಚನ್ನರಾಯಪಟ್ಟಣ ತಾಲ್ಲೂಕಿನ ಆ ಎರಡು ಬೆಟ್ಟಗಳ ಮೇಲಿನ ಶಾಸನಗಳಾಗಲಿ, ಅಲ್ಲಿ ಹುಟ್ಟಿದ ಗ್ರಂಥಗಳಾಗಲಿ, ಸುತ್ತಣ ಕನ್ನಡದೊಳಕ್ಕೆ ಇಳಿದಿರುವ ಪ್ರಾಕೃತ ಶಬ್ದಗಳಾಗಲಿ ಇದನ್ನು ಬೆಂಬಲಿಸುವುದಿಲ್ಲ. ಮಾಗಧಿ ಎಂಬುದು ಈ ನೆಲದಲ್ಲಿ ಒಂದು ಭಾಷೆಯ ಹೆಸರಾಗಿ ಅಲ್ಲ, ಒಂದು ಪ್ರಾಮಾಣ್ಯದ ಹೆಸರಾಗಿ ಬಾಳಿದೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ನಾವು ತೋರಿಸಲು ಯತ್ನಿಸುತ್ತೇವೆ.

ಹೆಸರಿನ ಗೊಂದಲವನ್ನು ಮೊದಲು ಬಿಡಿಸಿಕೊಳ್ಳಬೇಕು. ಹಾಸನ ಸೀಮೆಯಲ್ಲಿ ಯಾರೂ ಬರಿಯ 'ನರಸೀಪುರ' ಎಂದು ಹೇಳಿ ಸುಮ್ಮನಾಗುವುದಿಲ್ಲ. ಹೇಮಾವತಿಯ ದಡದ್ದು ಹೊಳೆನರಸೀಪುರ, ಕಾವೇರಿ ಕಪಿಲೆಯರ ಕೂಡಲಿನದು ತಿರುಮಕೂಡಲು ನರಸೀಪುರ. ಎರಡು ಊರುಗಳಿಗೆ ಒಂದೇ ಹೆಸರಿದ್ದಾಗ ಜನ ತಾವಾಗಿಯೇ ಒಂದು ವಿಶೇಷಣವನ್ನು ಅಂಟಿಸಿಕೊಳ್ಳುತ್ತಾರೆ. ಮಾಗಧಿಯ ವಿಷಯದಲ್ಲಿ ವಿದ್ವಾಂಸರು ಅಷ್ಟು ಎಚ್ಚರ ವಹಿಸಿಲ್ಲ. ಕನಿಷ್ಠ ಐದು ಬೇರೆ ಬೇರೆ ಭಾಷಾರೂಪಗಳಿಗೆ ಆ ಹೆಸರೋ ಅದರ ಒಂದು ಪಾಲೋ ಸಂದಿದೆ: ಸಂಸ್ಕೃತ ನಾಟಕಗಳ ಮಾಗಧಿ, ಶ್ವೇತಾಂಬರ ಆಗಮಗಳ ಅರ್ಧಮಾಗಧಿ, ಥೇರವಾದಿ ಬೌದ್ಧರು ಮಾಗಧಿಯೆಂದು ಕರೆದ ಪಾಲಿ, ಅಶೋಕನ ಆಸ್ಥಾನದ ಪೂರ್ವದೇಶೀಯ ಪ್ರಾಕೃತ, ಮತ್ತು ಇಂದಿಗೂ ಬಿಹಾರದಲ್ಲಿ ಜನ ಆಡುವ ಮಗಹಿ.

ಇವು ಒಂದೇ ಅಲ್ಲವೆಂಬುದಕ್ಕೆ 'ಪುರುಷ' ಎಂಬ ಒಂದು ಶಬ್ದವೇ ಸಾಕು. ವ್ಯಾಕರಣಕಾರರ ಮಾಗಧಿಯಲ್ಲಿ ಅದರ ಪ್ರಥಮಾ ಏಕವಚನ 'ಪುಲಿಶೇ'. ರಕಾರಕ್ಕೆ ಲಕಾರ, ಸಕಾರ ಷಕಾರಗಳೆರಡಕ್ಕೂ ತಾಲವ್ಯ ಶಕಾರ, ಅಕಾರಾಂತ ಪುಲ್ಲಿಂಗಕ್ಕೆ ಏಕಾರ: ಮಾಗಧಿಯ ಮೂರು ಮುಖ್ಯ ಲಕ್ಷಣಗಳೂ ಈ ಒಂದು ರೂಪದಲ್ಲಿ ಸೇರಿವೆ. ಅರ್ಧಮಾಗಧಿಯಲ್ಲಿ ಅದು 'ಪುರಿಸೇ'. ಮೂರರಲ್ಲಿ ಏಕಾರವೊಂದೇ ಉಳಿದಿದೆ. ಪಾಲಿಯಲ್ಲಿ 'ಪುರಿಸೋ', ಮೂರರಲ್ಲಿ ಒಂದೂ ಇಲ್ಲ. ಶೌರಸೇನಿಯದೂ 'ಪುರಿಸೋ' ಎಂಬ ರೂಪವೇ. ಅಶೋಕನ ಸ್ತಂಭಶಾಸನಗಳಲ್ಲಿ ಇದೇ ಶಬ್ದದ ಬಹುವಚನ 'ಪುಲಿಸಾ' ಎಂದಿದೆ, ಲಕಾರವುಂಟು, ಶಕಾರವಿಲ್ಲ. ಮೂರು ಲಕ್ಷಣಗಳೂ ಒಟ್ಟಿಗೆ ಕಾಣುವ ಪ್ರಾಚೀನ ಬರಹವೆಂದು ವಿದ್ವಾಂಸರು ತೋರಿಸುವುದು ರಾಮಗಢದ ಜೋಗೀಮಾರಾ ಗುಹೆಯ ಒಂದು ಪುಟ್ಟ ಶಾಸನವನ್ನು. ಅದರ ವಿಷಯ ಸುತನುಕಾ ಎಂಬ ದೇವದಾಸಿಯನ್ನು ಕುರಿತ ಒಬ್ಬನ ಪ್ರೇಮ. ಧರ್ಮಕ್ಕೂ ಅರಸೊತ್ತಿಗೆಗೂ ಅಲ್ಲಿ ಸಂಬಂಧವಿಲ್ಲ.

ರಂಗಭೂಮಿಯ ಮೇಲೆ ಈ ಭಾಷೆಗೆ ದೊರೆತ ಸ್ಥಾನವನ್ನು ಗಮನಿಸಿದರೆ ಹೆಸರಿನ ವಿಚಿತ್ರ ಇನ್ನೂ ಸ್ಪಷ್ಟವಾಗುತ್ತದೆ. 'ಶಾಕುಂತಲ'ದ ಆರನೆಯ ಅಂಕದಲ್ಲಿ ಉಂಗುರವನ್ನು ಕಂಡ ಬೆಸ್ತನ ಮಾತು ಮಾಗಧಿ. 'ಮೃಚ್ಛಕಟಿಕ'ದಲ್ಲಿ ಅಂಗಮರ್ದಕನಾದ ಸಂವಾಹಕನದು ಮಾಗಧಿ; ಶಕಾರನ ತೊದಲು ಅಹಂಕಾರದ ಮಾತು ಅದರದೇ ಒಂದು ಪ್ರಭೇದ. 'ಮುದ್ರಾರಾಕ್ಷಸ'ದಲ್ಲಿ ಚಂದ್ರಗುಪ್ತನ ರಾಜಧಾನಿಯಲ್ಲೇ ಕಥೆ ನಡೆದರೂ ಚಂದ್ರಗುಪ್ತನು ಸಂಸ್ಕೃತ ನುಡಿಯುತ್ತಾನೆ, ಜೈನ ಕ್ಷಪಣಕ ಜೀವಸಿದ್ಧಿ ಮಾಗಧಿ ನುಡಿಯುತ್ತಾನೆ. ನಾಟಕದ ಕಟ್ಟಳೆಯಂತೆ ಮಾಗಧಿ ಕೆಳಪಾತ್ರಗಳ, ನಗೆಗೆ ಈಡಾಗುವವರ ನುಡಿ. ಅದೇ ನಾಟಕದ ಕಥೆಯನ್ನು ಕೆಂಪುನಾರಾಯಣನು 1823ರಲ್ಲಿ 'ಮುದ್ರಾಮಂಜೂಷ'ವಾಗಿ ಕನ್ನಡ ಗದ್ಯಕ್ಕೆ ತಂದನು. ಒಂದೇ ಭಾಷೆಯ ಗದ್ಯದಲ್ಲಿ ಈ ಪ್ರಾಕೃತಭೇದಕ್ಕೆ ಸಹಜವಾಗಿಯೇ ಎಡೆಯಿರಲಿಲ್ಲ. ಕನ್ನಡ ಓದುಗರಿಗೆ ಮಾಗಧಿಯ ಈ ಮುಖ ಹೆಚ್ಚು ಪರಿಚಯವಾಗದಿರಲು ಇಂಥ ಅನುವಾದಗಳೂ ಒಂದು ಕಾರಣವಾಗಿರಬಹುದು.

ಇತ್ತ ಧಾರ್ಮಿಕ ಪರಂಪರೆಗಳಲ್ಲಿ ಅದೇ ಹೆಸರು ಶಿಖರಕ್ಕೇರಿದೆ. ಮಹಾವೀರನು ಅರ್ಧಮಾಗಧಿಯಲ್ಲಿ ಬೋಧಿಸಿದನೆಂದೂ, ಅದು ಕೇಳಿದವರಿಗೆಲ್ಲ ಅವರವರ ಭಾಷೆಯಾಗಿ ಪರಿಣಮಿಸಿತೆಂದೂ ಸಮವಾಯಾಂಗ, ಔಪಪಾತಿಕ ಮೊದಲಾದ ಶ್ವೇತಾಂಬರ ಆಗಮಗಳು ಹೇಳುತ್ತವೆ. 'ಅರ್ಧ' ಎಂದರೇನು ಎಂಬುದು ಹಳೆಯ ವ್ಯಾಖ್ಯಾನಕಾರರಿಗೇ ತೊಡಕಾಗಿತ್ತು. 7ನೆಯ ಶತಮಾನದ ಜಿನದಾಸಗಣಿಯು ನಿಶೀಥಚೂರ್ಣಿಯಲ್ಲಿ ಎರಡು ಉತ್ತರ ಕೊಡುತ್ತಾನೆ: ಮಗಧದ ಅರ್ಧಭಾಗದ ಭಾಷೆ, ಅಥವಾ ಹದಿನೆಂಟು ದೇಶೀಭಾಷೆಗಳು ಬೆರೆತ ಭಾಷೆ. ಎರಡು ಉತ್ತರಗಳಿರುವುದೇ ಹೆಸರಿನ ಮೂಲ ಅಷ್ಟು ಹೊತ್ತಿಗೆ ಮಸುಕಾಗಿತ್ತೆಂಬುದಕ್ಕೆ ಸಾಕ್ಷಿ. ಬೌದ್ಧರಲ್ಲಿ ಈ ಕಲ್ಪನೆ ಮತ್ತೂ ಮುಂದೆ ಹೋಗುತ್ತದೆ. ವಿಭಂಗದ ಅಟ್ಠಕಥೆಯಾದ ಸಮ್ಮೋಹವಿನೋದನಿಯಲ್ಲಿ ಒಂದು ದೃಷ್ಟಾಂತವಿದೆ: ತಾಯಿ ದಮಿಳ, ತಂದೆ ಅಂಧಕ, ಮಗು ತಾಯಿಯ ಮಾತನ್ನು ಮೊದಲು ಕೇಳಿದರೆ ದಮಿಳ ಭಾಷೆಯನ್ನಾಡುತ್ತದೆ, ತಂದೆಯದನ್ನು ಕೇಳಿದರೆ ಅಂಧಕ ಭಾಷೆಯನ್ನು, ಯಾರ ಮಾತನ್ನೂ ಕೇಳದಿದ್ದರೆ ತಾನಾಗಿಯೇ ಮಾಗಧಿಯನ್ನಾಡುತ್ತದೆ. ಉದಾಹರಣೆಗೆ ಎರಡು ದಕ್ಷಿಣದ ನುಡಿಗಳನ್ನು ಆರಿಸಿಕೊಂಡಿರುವುದು ನಮಗೆ ಕುತೂಹಲಕರ. ಕಲಿಯಬೇಕಾದ ಭಾಷೆಗಳು ಇವು, ಕಲಿಯದೆಯೇ ಬರುವ ಮೂಲಭಾಷೆ ಅದು ಎಂಬ ಶ್ರೇಣಿಯನ್ನು ಆ ಕತೆ ಕಟ್ಟುತ್ತದೆ. ಆದರೆ ಆ ಗ್ರಂಥದ ಭಾಷೆ, ನಾವು ಈಗ ಪಾಲಿಯೆನ್ನುವುದು, ಮಾಗಧಿಯ ಲಕ್ಷಣವನ್ನು ತೋರುವುದೇ ಇಲ್ಲ. ಪಾಲಿ ಎಂಬ ಶಬ್ದಕ್ಕೆ ಮೊದಲಿದ್ದ ಅರ್ಥ 'ಮೂಲಪಾಠ' ಎಂದು. ಅದು ಭಾಷೆಯ ಹೆಸರಾದದ್ದು ಬಹಳ ತಡವಾಗಿ.

ಕರ್ನಾಟಕದ ಮಟ್ಟಿಗೆ ಮಗಧದ ಆಡಳಿತ ನೇರವಾಗಿ ಬಿಟ್ಟುಹೋದ ಬರಹಗಳೆಂದರೆ ಅಶೋಕನ ಶಾಸನಗಳು. ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಶಾಸನಗಳ ಭಾಷೆ ಸ್ವಾರಸ್ಯಕರವಾಗಿದೆ. 'ದೇವಾಣಂಪಿಯೇ' ಎಂಬಲ್ಲಿ ಪೂರ್ವದೇಶದ ಏಕಾರವಿದೆ; 'ನಾನು' ಎಂಬುದಕ್ಕೆ ಅದೇ ದಿಕ್ಕಿನ 'ಹಕಂ' ಇದೆ. ಆದರೆ 'ಆರೋಗಿಯಂ' ಎಂಬಲ್ಲಿ ರಕಾರ ಹಾಗೆಯೇ ಉಳಿದಿದೆ, ಲಕಾರವಾಗಿಲ್ಲ. ಮೂರ್ಧನ್ಯ ಣಕಾರವೂ ಇದೆ. ಬರೆದ ಚಪಡನು ತನ್ನ ವೃತ್ತಿಸೂಚಕ ಶಬ್ದವನ್ನು ಖರೋಷ್ಠೀ ಲಿಪಿಯಲ್ಲಿ ಕೊರೆದಿದ್ದಾನೆ. ಅವನ ಕಸುಬಿನ ಕಲಿಕೆ ವಾಯವ್ಯ ಭಾರತದ್ದು. ಪಾಟಲಿಪುತ್ರದ ಪಾಠ, ವಾಯವ್ಯದ ಲಿಪಿಕಾರ, ದಕ್ಷಿಣದ ಬಂಡೆ. ಮಗಧದಿಂದಲೇ ಹೊರಟ ರಾಜಾಜ್ಞೆ ಕೂಡ ಕನ್ನಡ ನಾಡನ್ನು ಮುಟ್ಟುವಾಗ ಅಚ್ಚ ಮಾಗಧಿಯಾಗಿ ಉಳಿದಿರಲಿಲ್ಲ.

ಈಗ ಬೆಳಗೊಳಕ್ಕೆ ಬರೋಣ. ಚಿಕ್ಕಬೆಟ್ಟದ ಮೇಲಿನ, ಸುಮಾರು ಕ್ರಿ.ಶ. 600ರ ಪ್ರಸಿದ್ಧ ಶಾಸನವು ವಲಸೆಯ ಕಥೆಗೆ ನಮಗಿರುವ ಅತಿ ಹಳೆಯ ಸ್ಥಳೀಯ ಆಧಾರ. ಅದರ ಭಾಷೆ ಸಂಸ್ಕೃತ. ಅದರಲ್ಲಿ ಭದ್ರಬಾಹುಸ್ವಾಮಿಯು ಹನ್ನೆರಡು ವರ್ಷಗಳ ಕ್ಷಾಮವನ್ನು ಮುನ್ನುಡಿಯುವುದು ಉಜ್ಜಯಿನಿಯಲ್ಲಿ. ಸಂಘ ಹೊರಡುವುದು ಉತ್ತರಾಪಥದಿಂದ ದಕ್ಷಿಣಾಪಥಕ್ಕೆ. ಕಟವಪ್ರದಲ್ಲಿ ದೇಹ ಬಿಡುವವನು ಪ್ರಭಾಚಂದ್ರನೆಂಬ ಆಚಾರ್ಯ. ಮಗಧದ ಹೆಸರು ಅಲ್ಲಿಲ್ಲ. ಭದ್ರಬಾಹು ಚಂದ್ರಗುಪ್ತರ ಜೋಡಿ ಅದೇ ಬೆಟ್ಟದ 7ನೆಯ ಶತಮಾನದ ಮತ್ತೊಂದು ಶಾಸನದಲ್ಲಿ ಬರುತ್ತದೆ. 931ರ ಹರಿಷೇಣನ ಬೃಹತ್ಕಥಾಕೋಶದಲ್ಲೂ ಚಂದ್ರಗುಪ್ತನು ಉಜ್ಜಯಿನಿಯ ಅರಸನೇ. ಪಾಟಲಿಪುತ್ರದ ಚಂದ್ರಗುಪ್ತನನ್ನು ಹದಿನಾರು ಕನಸುಗಳ ಸಮೇತ ನಮ್ಮ ಮುಂದೆ ನಿಲ್ಲಿಸುವುದು 19ನೆಯ ಶತಮಾನದ ದೇವಚಂದ್ರನ ರಾಜಾವಳಿಕಥೆ. ಬೆಳಗೊಳದ ಶಾಸನಗಳನ್ನು 1889ರಲ್ಲಿ ಪ್ರಕಟಿಸಿದ ರೈಸ್ ಅವರು ಅದನ್ನು ಧಾರಾಳವಾಗಿ ಬಳಸಿಕೊಂಡರು. ಇತಿಹಾಸದ ಚಂದ್ರಗುಪ್ತ ಮೌರ್ಯನೇ ಇಲ್ಲಿಗೆ ಬಂದನೇ ಎಂಬ ವಾದದಲ್ಲಿ ನಾವು ಇಲ್ಲಿ ತೊಡಗುವುದಿಲ್ಲ. ಭಾಷೆಯ ದೃಷ್ಟಿಯಿಂದ ಗಮನಿಸಬೇಕಾದದ್ದು ಬೇರೆ. ಅರ್ಧಮಾಗಧಿ ಆಗಮಗಳ ಸಂಕಲನ ಆ ಕ್ಷಾಮದ ಹಿನ್ನೆಲೆಯಲ್ಲಿ ಪಾಟಲಿಪುತ್ರದಲ್ಲಿ ಆರಂಭವಾಯಿತೆಂಬುದು ಶ್ವೇತಾಂಬರರ ಪರಂಪರೆ. ದಿಗಂಬರರು ಆ ಸಂಕಲನವನ್ನು ಪ್ರಮಾಣವೆಂದು ಒಪ್ಪಲಿಲ್ಲ. ಎಂದರೆ, ಕಥೆಯನ್ನು ಅಕ್ಷರಶಃ ನಂಬಿದರೂ, ಬೆಳಗೊಳಕ್ಕೆ ಬಂದ ಸಂಘವು ಅರ್ಧಮಾಗಧಿಯ ಗ್ರಂಥರಾಶಿಯನ್ನು ಹೊತ್ತು ತಂದ ಸಂಘವಲ್ಲ.

ದಿಗಂಬರರು ಆಗಮಸಮಾನವೆಂದು ಮನ್ನಿಸುವ ಷಟ್ಖಂಡಾಗಮ, ಕುಂದಕುಂದರ ಪ್ರವಚನಸಾರ ಮೊದಲಾದವುಗಳ ಭಾಷೆ ಶೌರಸೇನಿಗೆ ಹತ್ತಿರವಾದ ಒಂದು ಪ್ರಾಕೃತ. 1900ರಲ್ಲಿ ಪ್ರಾಕೃತ ವ್ಯಾಕರಣವನ್ನು ಪ್ರಕಟಿಸಿದ ರಿಚರ್ಡ್ ಪಿಶೆಲ್ ಇದನ್ನು ಜೈನ ಶೌರಸೇನಿ ಎಂದು ಕರೆದರು. 'ತಿಳಿಯುತ್ತಾನೆ' ಎಂಬುದಕ್ಕೆ ಅರ್ಧಮಾಗಧಿಯಲ್ಲಿ 'ಜಾಣಇ', ನಾಟಕದ ಮಾಗಧಿಯಲ್ಲಿ 'ಯಾಣಾದಿ', ಇಲ್ಲಿ 'ಜಾಣದಿ'. ಬೆಳಗೊಳದ ಸ್ವಂತ ಪ್ರಾಕೃತ ಕೃತಿಯೆನ್ನಬಹುದಾದ ಗೊಮ್ಮಟಸಾರದ ಭಾಷೆಯೂ ಇದೇ ಬಗೆಯದು. ಗಂಗರ ಮಂತ್ರಿ ಚಾವುಂಡರಾಯನಿಗಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯು ಅದನ್ನು 10ನೆಯ ಶತಮಾನದ ಕೊನೆಯಲ್ಲಿ ರಚಿಸಿದನು.

ಗೊಮ್ಮಟಸಾರದ ಕರ್ಮಕಾಂಡದ ಕೊನೆಯ ಗಾಹೆಗಳಲ್ಲಿ ಭಾಷೆಗಳ ಹೆಸರಿನ ಚರಿತ್ರೆಗೆ ಅಮೂಲ್ಯವಾದ ಒಂದು ಮಾತಿದೆ. ಗ್ರಂಥವನ್ನು ಬರೆಯುವಾಗಲೇ ಗೊಮ್ಮಟರಾಯನು, ಎಂದರೆ ಚಾವುಂಡರಾಯನು, ಒಂದು 'ದೇಸೀ'ಯನ್ನು ಮಾಡಿದನೆಂದು ಅಲ್ಲಿ ಹೇಳಿದೆ. ವೀರಮತ್ತಂಡಿ ಎಂಬ ಹೆಸರಿನ, ಈಗ ಉಪಲಬ್ಧವಿಲ್ಲದ ಅವನ ಕನ್ನಡ ವೃತ್ತಿಯೆಂದು ವಿದ್ವಾಂಸರು ಅದನ್ನು ಅರ್ಥಮಾಡಿದ್ದಾರೆ. ಪ್ರಾಕೃತ ಕವಿಯ ಬಾಯಲ್ಲಿ ಕನ್ನಡದ ಹೆಸರು 'ದೇಸೀ'. ಇನ್ನೊಂದು ಕಡೆಯಿಂದ ನೋಡಿದರೆ, ಕನ್ನಡದವರು ಪ್ರಾಕೃತವನ್ನು ಕರೆದದ್ದು 'ಪಾಗದ' ಎಂದು. 9ನೆಯ ಶತಮಾನದ ಕವಿರಾಜಮಾರ್ಗದ ಹೊತ್ತಿಗೇ ಸಕ್ಕದ, ಪಾಗದ ಎಂಬ ಜೋಡಿ ಬಳಕೆಯಲ್ಲಿತ್ತು. (ಪಾಗದಕ್ಕೂ ಮಾಗಧಕ್ಕೂ ಕಿವಿಗೆ ಬೀಳುವ ಹೋಲಿಕೆ ಕೇವಲ ಆಕಸ್ಮಿಕ. ಪಾಗದವು ಪ್ರಾಕೃತ ಶಬ್ದದಿಂದ ಬಂದುದು.) ಎರಡು ಭಾಷೆಗಳೂ ಪರಸ್ಪರ ಹೆಸರಿಟ್ಟು ಕರೆದುಕೊಂಡ ಆ ಕಾಲದಲ್ಲಿ, ಆ ಸ್ಥಳದಲ್ಲಿ, ಮಾಗಧಿ ಎಂಬ ಹೆಸರಿಗೆ ಕೆಲಸವೇ ಬಿದ್ದಿಲ್ಲ.

ಈ ಗ್ರಂಥದ ಮುಂದಿನ ಪಯಣವನ್ನೂ ಹೇಳಬೇಕು. 1359ರಲ್ಲಿ ಕೇಶವವರ್ಣಿಯು ಗೊಮ್ಮಟಸಾರಕ್ಕೆ ಕನ್ನಡದಲ್ಲಿ ವಿಸ್ತಾರವಾದ ವೃತ್ತಿಯನ್ನು ಬರೆದನು. ಜೀವತತ್ತ್ವಪ್ರದೀಪಿಕೆ ಎಂಬ ಸಂಸ್ಕೃತ ಟೀಕೆ ಈ ಕನ್ನಡ ವೃತ್ತಿಯನ್ನೇ ಆಧರಿಸಿದ್ದೆಂದು ಆ. ನೇ. ಉಪಾಧ್ಯೆಯವರು ತೋರಿಸಿಕೊಟ್ಟರು. ಆ ಸಂಸ್ಕೃತ ಟೀಕೆಯನ್ನು ಹಿಡಿದು 18ನೆಯ ಶತಮಾನದಲ್ಲಿ ಜಯಪುರದ ಪಂಡಿತ ಟೋಡರಮಲ್ಲರು ಸಮ್ಯಗ್ಜ್ಞಾನಚಂದ್ರಿಕೆಯನ್ನು ಅಲ್ಲಿನ ಹಿಂದಿಯಲ್ಲಿ ರಚಿಸಿದರು. ಬೆಳಗೊಳದ ಪ್ರಾಕೃತ, ಅದರಿಂದ ಕನ್ನಡ, ಅದರಿಂದ ಸಂಸ್ಕೃತ, ಅದರಿಂದ ಹಿಂದಿ: ವಿದ್ಯೆ ದಕ್ಷಿಣದಿಂದ ಉತ್ತರಕ್ಕೆ ಹರಿದ ದಾರಿ ಇದು. ಇಡೀ ಸಾಹಿತ್ಯಕ್ಕೆ 'ಮಾಗಧಿ' ಎಂಬ ಚೀಟಿಯನ್ನು ಅಂಟಿಸಿದಾಗ ಇದು ಮಗಧದಿಂದ ಬಂದ ಸರಕಿನಂತೆ ತೋರುತ್ತದೆ; ನಡುವೆ ಕನ್ನಡ ಮಾಡಿದ ಕೆಲಸ ಕಣ್ಣಿಗೆ ಬೀಳುವುದಿಲ್ಲ. ಹೆಸರಿನ ವಿಚಾರದಲ್ಲಿ ನಮಗಿರುವ ಆಗ್ರಹದ ಮೂಲ ಇಲ್ಲಿದೆ.

ಗ್ರಂಥಗಳನ್ನು ಬದಿಗಿಟ್ಟು ಆಡುಮಾತಿನ ಕನ್ನಡವನ್ನೇ ಕೇಳಬಹುದು. ಮಾಗಧಿಯಲ್ಲಿ ಜಕಾರ ಯಕಾರವಾಗುತ್ತದೆ. ಕನ್ನಡದ ತದ್ಭವಗಳಲ್ಲಿ ನಡೆದಿರುವುದು ಇದಕ್ಕೆ ನೇರ ವಿರುದ್ಧ: ಯಾತ್ರೆ ಜಾತ್ರೆಯಾಗಿದೆ, ಯೋಗಿ ಜೋಗಿಯಾಗಿದ್ದಾನೆ, ಯಮ ಜವನಾಗಿದ್ದಾನೆ, ಯಶಸ್ಸು ಜಸವಾಗಿದೆ, ಯೌವನ ಜವ್ವನವಾಗಿದೆ. ಕಾರ್ಯ ಎಂಬುದು ಮಾಗಧಿಯಲ್ಲಿ 'ಕಯ್ಯ', ಕನ್ನಡದಲ್ಲಿ 'ಕಜ್ಜ'. ಶಕಾರವೂ ಹಾಗೆಯೇ. ಆಕಾಶ ಆಗಸವಾಯಿತು, ದಿಶೆ ದೆಸೆಯಾಯಿತು, ಶ್ರೀ ಸಿರಿಯಾಯಿತು. ಮಾಗಧಿಯು ಸಕಾರವನ್ನು ಶಕಾರ ಮಾಡಿದರೆ ಕನ್ನಡವು ಶಕಾರವನ್ನು ಸಕಾರ ಮಾಡಿದೆ. ರಾಜನು ಇಲ್ಲಿ 'ಲಾಜ' ಆಗಲಿಲ್ಲ, 'ರಾಯ' ಆದನು. ಹರಿದ್ರಾ ಶಬ್ದದಿಂದ ಬಂದ 'ಹಳದಿ'ಯನ್ನು ಎತ್ತಿ ತೋರಿಸುವವರಿರಬಹುದು. ಆ ಲಕಾರ ಎಲ್ಲ ಪ್ರಾಕೃತಗಳಿಗೂ ಸಾಮಾನ್ಯ. 'ಅಯ್ಯ' ಎಂಬುದು ಆರ್ಯ ಶಬ್ದದ ಮಾಗಧಿ ರೂಪದಂತೆ ಕಾಣುತ್ತದಾದರೂ ದ್ರಾವಿಡ ಭಾಷೆಗಳಲ್ಲಿ ಅದಕ್ಕೆ ತನ್ನದೇ ಆದ ಬೇರಿದೆ. ಒಂದು ಅಂಶವನ್ನು ಮಾತ್ರ ಒಪ್ಪಬೇಕು: ಶ್ರಾವಕನು 'ಸಾವಗ'ನಾಗುವ, ಕಕಾರ ಗಕಾರವಾಗುವ ಒಲವು ಅರ್ಧಮಾಗಧಿಯಲ್ಲೂ ಇದೆ, ಜೈನ ಶೌರಸೇನಿಯಲ್ಲೂ ಇದೆ, ಕನ್ನಡದಲ್ಲೂ ಇದೆ. ಅದು ಜೈನ ಪರಿಸರದ ಗುರುತಾಗಬಹುದು, ಮಾಗಧಿಯದಲ್ಲ.

ಹಾಗಾದರೆ ಬೆಳಗೊಳದ ಪರಂಪರೆಯಲ್ಲಿ ಮಾಗಧಿಯ ಹೆಸರು ಬರುವುದೇ ಇಲ್ಲವೇ? ಬರುತ್ತದೆ, ತೀರ್ಥಂಕರನ ಅತಿಶಯಗಳ ಪಟ್ಟಿಯಲ್ಲಿ. ದೇವತೆಗಳು ಉಂಟುಮಾಡುವ ಹದಿನಾಲ್ಕು ಅತಿಶಯಗಳಲ್ಲಿ ದಿಗಂಬರರು ಅರ್ಧಮಾಗಧೀ ಭಾಷೆಯನ್ನು ಎಣಿಸುತ್ತಾರೆ. ಸಮವಸರಣದಲ್ಲಿ ಹೊಮ್ಮುವ ದಿವ್ಯಧ್ವನಿ ಪಶುಪಕ್ಷಿಗಳಿಗೂ ತಿಳಿಯುತ್ತದೆ. 16ನೆಯ ಶತಮಾನದ ಶ್ರುತಸಾಗರಸೂರಿ ಇದನ್ನು ವಿವರಿಸುತ್ತ, ಭಗವಂತನ ಭಾಷೆಯಲ್ಲಿ ಅರ್ಧ ಮಗಧದೇಶದ್ದು, ಅರ್ಧ ಸರ್ವಭಾಷಾತ್ಮಕವಾದದ್ದು ಎನ್ನುತ್ತಾನೆ. ಜಿನದಾಸನ 'ಹದಿನೆಂಟು ದೇಶೀಭಾಷೆ' ಇಲ್ಲಿ 'ಎಲ್ಲ ಭಾಷೆ'ಗಳಾಗಿ ಬೆಳೆದಿದೆ. ಬರೆದ ಗ್ರಂಥದ ಭಾಷೆ ಒಂದು, ನಂಬಿಕೆಯ ಭಾಷೆ ಇನ್ನೊಂದು. ಪರಂಪರೆಗೆ ಇದರಲ್ಲಿ ತೊಡಕು ಕಂಡಿಲ್ಲ, ಏಕೆಂದರೆ ದಿವ್ಯಧ್ವನಿಯನ್ನು ಯಾರೂ ವ್ಯಾಕರಣದಿಂದ ಅಳೆಯಲು ಹೋಗಲಿಲ್ಲ. ದಾಕ್ಷಿಣಾತ್ಯ ದಿಗಂಬರ ವಿದ್ವಾಂಸನಾದ 13ನೆಯ ಶತಮಾನದ ತ್ರಿವಿಕ್ರಮನು ತನ್ನ ಪ್ರಾಕೃತ ವ್ಯಾಕರಣದಲ್ಲಿ ಶೌರಸೇನಿ, ಮಾಗಧಿ, ಪೈಶಾಚಿಗಳಿಗೆ ಸೂತ್ರ ಬರೆದಾಗ ಅವನ ಮಾಗಧಿ ನಾಟಕದ ಮಾಗಧಿ.

ಶಾಸ್ತ್ರಗಳಿಂದ ಹೊರಗೆ ಈ ಹೆಸರು ಇನ್ನೂ ಎಲ್ಲೆಲ್ಲಿಯೋ ಹೋಗಿದೆ. ಅಮರಕೋಶದಲ್ಲಿ ಮಾಗಧಿ ಎಂದರೆ ಹಿಪ್ಪಲಿ. ಒಂದು ಬಗೆಯ ಮಲ್ಲಿಗೆಯೂ ಹೌದು. ಭೋಜನ ಅಲಂಕಾರಶಾಸ್ತ್ರದಲ್ಲಿ ಅದೊಂದು ರೀತಿ. ನಾಟ್ಯಶಾಸ್ತ್ರದಲ್ಲಿ ಮಾಗಧಿ, ಅರ್ಧಮಾಗಧಿ, ಸಂಭಾವಿತಾ, ಪೃಥುಲಾ ಎಂದು ನಾಲ್ಕು ಗೀತಿಗಳಿವೆ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದಂಥ ಸಂಗೀತಗಾರರ ಊರಿನಲ್ಲಿ ಅರ್ಧಮಾಗಧಿ ಎಂದರೆ ಲಕ್ಷಣಗ್ರಂಥ ಬಲ್ಲವರಿಗೆ ಮೊದಲು ನೆನಪಾಗಬೇಕಾದದ್ದು ಜಿನವಾಣಿಯಲ್ಲ, ಪದಗಳನ್ನು ಲಯಕ್ಕೆ ಹೊಂದಿಸುವ ಒಂದು ಕ್ರಮ.

ಅದೇ ರುದ್ರಪಟ್ಟಣ, ಹಾಸನದ ಬಳಿಯ ಕೌಶಿಕ ಮೊದಲಾದ ಊರುಗಳ ಸಂಕೇತಿ ಮನೆಗಳಲ್ಲಿ ಆಡುವ ನುಡಿ ಇನ್ನೊಂದು ಹೋಲಿಕೆಗೆ ಅವಕಾಶ ಕೊಡುತ್ತದೆ. ತಮಿಳಿಗೆ ಹತ್ತಿರವಾಗಿದ್ದು ಕನ್ನಡದಿಂದ ಆಳವಾಗಿ ಪ್ರಭಾವಿತವಾದ ಈ ನುಡಿಯ ಹೆಸರನ್ನು ಅದನ್ನಾಡುವವರು ತಮ್ಮ ಪೂರ್ವಜರು ಬಿಟ್ಟುಬಂದ ಸೆಂಗೋಟ್ಟೈಗೆ ಸೇರಿಸುತ್ತಾರೆ. ಸಂಸ್ಕೃತದ 'ಸಂಕೇತ'ಕ್ಕೆ ಸೇರಿಸುವವರೂ ಇದ್ದಾರೆ. ಇಲ್ಲಿಯೂ ಒಂದು ವಲಸೆಯ ಕಥೆಯಿದೆ, ನಾಚಾರಮ್ಮನ ಕಥೆ; ಹೊರಟು ಬಂದ ಊರಿನ ಹೆಸರು ಭಾಷೆಗೆ ಅಂಟಿದೆ. ಆದರೆ ಒಂದು ದೊಡ್ಡ ವ್ಯತ್ಯಾಸವುಂಟು. ಸಂಕೇತಿಗೆ ಮಾತುಂಟು, ಹಳೆಯ ಗ್ರಂಥರಾಶಿಯಿಲ್ಲ. ಬರೆಯಬೇಕಾದಾಗ ಕನ್ನಡ ಲಿಪಿಯನ್ನು ಆಶ್ರಯಿಸುತ್ತದೆ. ಬೆಳಗೊಳದ ಮಾಗಧಿಗೆ ಹೆಸರುಂಟು, ಮಾತೂ ಇಲ್ಲ, ಗ್ರಂಥವೂ ಇಲ್ಲ.

ಆಧುನಿಕ ಕಾಲದಲ್ಲಿ ಅರ್ಧಮಾಗಧಿ ಎಂಬ ಹೆಸರು ಕರ್ನಾಟಕದಲ್ಲಿ ಹರಡಲು ಮಠಗಳಿಗಿಂತ ವಿಶ್ವವಿದ್ಯಾನಿಲಯಗಳೇ ಹೆಚ್ಚು ಕಾರಣವೆಂದು ನಮ್ಮ ಅಭಿಪ್ರಾಯ. ಮುಂಬಯಿ ಪ್ರಾಂತದ ಕಾಲೇಜುಗಳಲ್ಲಿ ಅದು ಒಂದು ಪಠ್ಯವಿಷಯದ ಹೆಸರಾಗಿತ್ತು. ಬೆಳಗಾವಿ ಜಿಲ್ಲೆಯ ಸದಲಗದಲ್ಲಿ 1906ರಲ್ಲಿ ಹುಟ್ಟಿದ ಉಪಾಧ್ಯೆಯವರು ಕೊಲ್ಹಾಪುರದ ರಾಜಾರಾಮ್ ಕಾಲೇಜಿನಲ್ಲಿ ಅರ್ಧಮಾಗಧಿಯ ಅಧ್ಯಾಪಕರು. 1935ರಲ್ಲಿ ಅವರು ಸಂಪಾದಿಸಿದ ಪ್ರವಚನಸಾರ ಶೌರಸೇನಿಯ ಗ್ರಂಥ. ಹುದ್ದೆಯ ಹೆಸರಿಗೂ ಕೆಲಸದ ವಸ್ತುವಿಗೂ ಇದ್ದ ಈ ಅಂತರ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆ ಗ್ರಂಥದ ಪೀಠಿಕೆಯಲ್ಲಿ ಭಾಷೆಯ ಚರ್ಚೆಯೇ ಒಂದು ಮುಖ್ಯ ಭಾಗ. ಅವರ ನಂತರದ ಜನಪ್ರಿಯ ಬರಹಗಳಲ್ಲಿ ಹುದ್ದೆಯ ಹೆಸರು ಮಾತ್ರ ಉಳಿಯಿತು.

2024ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ಪ್ರಾಕೃತಕ್ಕೂ ಪಾಲಿಗೂ ಶಾಸ್ತ್ರೀಯ ಭಾಷೆಯ ಸ್ಥಾನವನ್ನು ಪ್ರತ್ಯೇಕ ಪ್ರತ್ಯೇಕವಾಗಿ ನೀಡಿತು. ಅಲ್ಲಿ ಮಾಗಧಿ ಎಂಬ ಹೆಸರಿಲ್ಲ. ಆ ಹೆಸರು ಸರ್ಕಾರಿ ದಾಖಲೆಯಲ್ಲಿ ಕಾಣಿಸುವುದು ಜನಗಣತಿಯಲ್ಲಿ: ಹಿಂದಿಯ ಅಡಿಯಲ್ಲಿ ಎಣಿಸಲಾಗುವ 'ಮಾಗಧಿ/ಮಗಹಿ'ಯನ್ನು 2011ರಲ್ಲಿ ಸುಮಾರು 1.27 ಕೋಟಿ ಜನ ತಮ್ಮ ತಾಯ್ನುಡಿಯೆಂದು ಬರೆಸಿದ್ದಾರೆ. ಹೆಸರಿಗೆ ಇಂದು ಜೀವಂತ ಹಕ್ಕುದಾರರಿದ್ದಾರೆ ಎಂಬುದನ್ನು ನಮ್ಮ ಬರಹಗಾರರು ಮರೆಯಬಾರದು. ಕನ್ನಡದಲ್ಲಿ ಬರೆಯುವಾಗ ನಾವು ಈ ಲೇಖನದಲ್ಲಿ ಅನುಸರಿಸಿದಂತೆ ಬಿಹಾರದ ನುಡಿಯನ್ನು ಮಗಹಿಯೆಂದೂ, ನಾಟಕದ ಪ್ರಾಕೃತವನ್ನು ನಾಟಕದ ಮಾಗಧಿಯೆಂದೂ, ಶ್ವೇತಾಂಬರ ಆಗಮಗಳದನ್ನು ಅರ್ಧಮಾಗಧಿಯೆಂದೂ ಬಿಡಿಸಿ ಬರೆಯುವುದು ಕಷ್ಟವೇನಲ್ಲ. ಬೆಳಗೊಳ, ಮೂಡಬಿದಿರೆಗಳ ತಾಳೆಗರಿಗಳ ಸೂಚಿಗಳಲ್ಲಿ ಭಾಷೆಯ ಕಾಲಮಿನಲ್ಲಿ ಗೊಮ್ಮಟಸಾರದ ಎದುರು ಜೈನ ಶೌರಸೇನಿ ಎಂದೂ, ಅದರ ಪಕ್ಕದಲ್ಲೇ ಕೇಶವವರ್ಣಿಯ ವೃತ್ತಿಗೆ ಕನ್ನಡ ಎಂದೂ ನಮೂದಿಸಬೇಕು. ಒಂದೇ ಗರಿಯ ಮೇಲೆ ಎರಡೂ ಇದ್ದರೆ ಎರಡನ್ನೂ ಬರೆಯಬೇಕು.